ನಂಬರ್ ಇಲ್ಲದ ಮುನ್ನೂರು ಪುಸ್ತಕ

ಬನಹಟ್ಟಿಯ ಒಂದು ವಾಚನಾಲಯದಲ್ಲಿ ಪುಸ್ತಕಗಳ ವಿವರವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಅಲ್ಲಿನ ಮುನ್ನೂರು ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ನಂಬರ್ ಇರಲಿಲ್ಲ. ನಂಬರ್ ಹಾಕದಿದ್ದರೆ ನಮ್ಮ ಕಂಪ್ಯೂಟರ್ ದಾಖಲೆಯನ್ನು ಉಳಿಸಿಕೊಳ್ಳುವುದಿಲ್ಲ.

“ಕಂಪ್ಯೂಟರ್ ಒಲ್ಲೆ ಅಂದ್ರ ರದ್ದಿಗಿ ಹಾಕ್ರಿ,” ಎಂದರು ವಾಚನಾಲಯದ ಮುಖ್ಯಸ್ಥರಾದ ಮಲ್ಲಿನಾಥ ಸಾಹೇಬರು.

ನನಗೆ ಮೈಯೆಲ್ಲ ಉರಿಯಿತು. ಆ ಮುನ್ನೂರು ಪುಸ್ತಕಗಳಿಗೂ ಹಿಂದಿನ ಗ್ರಂಥಪಾಲಕಿ ಗುರುಬಾಯಿ ಕೈಯಾರೆ ಚೀಟಿ ಬರೆದು, ತಮ್ಮ ಮನೆಯ ಮಗ್ಗದ ಕೆಂಪು ನೂಲಿನಿಂದ ಕಟ್ಟಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು. ನಾನು ಜಗಳ ತೆಗೆದೆ. ಆದರೂ ರದ್ದಿ ಗಾಡಿ ಬಂತು, ನನ್ನ ಕೈಯಿಂದಲೇ ಹೇರಿಸಿದರು.

ಮರುದಿನ ಮಧ್ಯಾಹ್ನ ಹೋದ ಕರೆಂಟು ಬಂದಾಗ ಕಂಪ್ಯೂಟರಿನಲ್ಲಿ ಮುನ್ನೂರೂ ದಾಖಲೆಗಳಿದ್ದವು, ನಂಬರಿನ ಜಾಗ ಮಾತ್ರ ಖಾಲಿ. ಅಳಿಸಿದೆ, ಮತ್ತೆ ಬಂದವು. ಖಾಲಿ ಕಪಾಟಿನಿಂದ ನೂಲಿಗೆ ಹಚ್ಚುವ ಗಂಜಿಯ ಹಸಿ ವಾಸನೆ ಬರುತ್ತಿತ್ತು.

ಹೋದ ವಾರ ಕಾಲೇಜಿನ ಹುಡುಗಿಯೊಬ್ಬಳು ಆ ಮುನ್ನೂರರಲ್ಲೊಂದು ಪುಸ್ತಕ ಕೇಳಿದಳು.

“ಇಲ್ಲವ್ವಾ, ಅವನ್ನೆಲ್ಲಾ ಸಾಹೇಬ್ರು ರದ್ದಿಗಿ ಹಾಕ್ಯಾರ. ಹೋಗಿ ಅವರನ್ನ ಕೇಳು,” ಎಂದು ಸಿಡುಕಿದೆ.

“ಕಪಾಟಿನ್ಯಾಗ ಐತಲ್ರಿ ಅಕ್ಕಾರ,” ಎಂದು ಅವಳು ಪುಸ್ತಕ ತಂದು ಮೇಜಿನ ಮೇಲಿಟ್ಟಳು.

ಕೆಂಪು ನೂಲು ಒದ್ದೆಯಾಗಿತ್ತು. ಗುರುಬಾಯಿ ಬರೆದ ಚೀಟಿಯ ಶಾಯಿ ಇನ್ನೂ ಹಸಿಯಾಗಿದ್ದು ನನ್ನ ಹೆಬ್ಬೆರಳಿಗೆ ಹತ್ತಿತು. ಕೈ ತೊಳೆಯದೆ ಹೋಗಿ ಆ ಹೆಬ್ಬೆರಳನ್ನು ಸಾಹೇಬರ ಮೂಗಿನ ಮುಂದೆ ಹಿಡಿದೆ.