ಮುದ್ರೆ ಒಡೆಯದೆ ಹೋದ ಕಾಗದಗಳು

"ಕಾಗದ ಇಲ್ಲ, ಶೆರಿಫ್! ಒಂದೂ ಇಲ್ಲ!"

ಲವಿನಿಯ ಥಾರ್ನ್‌ಬರಿಯವರು ಗಂಡನ ಓದುವ ಕೋಣೆಯ ಡ್ರಾಯರನ್ನು ಪೂರ್ತಿ ಹೊರಗೆಳೆದು ಮೇಜಿನ ಮೇಲಿಟ್ಟರು. ಒಳಗೆ ಗಂಡಸರ ಬಿಳಿ ಕೊರಳವಸ್ತ್ರಗಳು ಮಡಿಚಿಟ್ಟ ಹಾಗೇ ಇದ್ದವು. ಅವುಗಳ ಮೇಲೆ ಒಂದು ನೀಲಿ ರಿಬ್ಬನ್. ಅದರ ಗಂಟಿನ ಮೇಲೆ ಕೆಂಪು ಅರಗಿನ ಮುದ್ರೆ. ಅದು ಒಡೆದಿರಲಿಲ್ಲ, ಬಿರುಕೂ ಬಿಟ್ಟಿರಲಿಲ್ಲ. ರಿಬ್ಬನ್ನಿನ ನಡುವೆ ಇರಬೇಕಾದ ಕಾಗದದ ಕಟ್ಟು ಮಾತ್ರ ಮಾಯ!

ಶೆರಿಫ್ ಈನಕ್ ಬರ್ಡ್‌ಸಲ್ ಬಗ್ಗಿ ನೋಡಿದರು. ಬಗ್ಗುವುದು ಅವರ ಹೊಟ್ಟೆಗೆ ಸುಲಭದ ಕೆಲಸವಲ್ಲ. ನಾನು, ಅವರ ಡೆಪ್ಯುಟಿ ಲೈಮನ್ ಕ್ರೇನ್, ಹಿಂದೆ ನಿಂತು ಟೋಪಿ ಹಿಡಿದುಕೊಂಡೆ.

"ಯೋಚನೆ ಮಾಡೋಕೆ ಇದರಲ್ಲೇನಿದೆ?" ಕಿಟಕಿಯ ಬಳಿಯಿಂದ ಗುಡುಗು ಬಂತು. ಅದು ರಾಸ್ಕೊ ಥಾರ್ನ್‌ಬರಿಯ ಗಂಟಲು. "ನಮ್ಮ ದೊಡ್ಡಪ್ಪನ ಕಾಗದ ಕದ್ದೋನು ಯಾರು ಅಂತ ಊರಿಗೇ ಗೊತ್ತು. ಹೋಗಿ ಆ ಮುದುಕ ಪ್ರೆಂಟಿಸ್‌ನ ಎಳ್ಕೊಂಡು ಬನ್ನಿ!"

ಊರಿಗೆ ಗೊತ್ತಿದ್ದದ್ದು ಇಷ್ಟು. ಲವಿನಿಯಮ್ಮನ ಗಂಡ ಸೆನೆಟರ್ ಆಬಡಾಯ ಥಾರ್ನ್‌ಬರಿ ಮತ್ತು ವಾಷಿಂಗ್‌ಟನ್‌ಗೆ ಆರಿಸಿಹೋಗಿದ್ದ ಎಲೈಹು ಪ್ರೆಂಟಿಸ್ ಇಬ್ಬರೂ ನಮ್ಮ ಆಲ್ಡರ್‌ಫರ್ಡಿನವರೇ, ಆದರೆ ಬೇರೆ ಬೇರೆ ಪಕ್ಷದವರು. ಮೂವತ್ತು ವರ್ಷ ವೇದಿಕೆ ಹತ್ತಿ ಒಬ್ಬರನ್ನೊಬ್ಬರು ಹರಿದು ತಿಂದವರು. ಒಬ್ಬ ಇನ್ನೊಬ್ಬನನ್ನು ಕುಂಬಳಕಾಯಿ ತಲೆಯವನೆಂದರೆ, ಅವನು ಇವನನ್ನು ಹುಲ್ಲು ತಿನ್ನದ ಕತ್ತೆ ಎನ್ನುತ್ತಿದ್ದ. ಅವರ ಭಾಷಣ ಕೇಳಲು ಓಹಾಯೋದ ಪಕ್ಕದ ಜಿಲ್ಲೆಗಳಿಂದಲೂ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಹೋದ ವರ್ಷ ಸೆನೆಟರ್ ತೀರಿಕೊಂಡರು. ಸಾಯುವ ಮುಂಚೆ ಒಂದು ಕಾಗದದ ಕಟ್ಟಿಗೆ ತಮ್ಮ ಕೈಯಾರೆ ಮುದ್ರೆ ಒತ್ತಿ, "ಇವು ಪ್ರೆಂಟಿಸ್ ನನಗೆ ಬರೆದ ಕಾಗದಗಳು. ಊರಿನ ಗ್ರಂಥಾಲಯ ತೆರೆಯುವ ದಿನ ಎಲ್ಲರೆದುರು ಓದಿಸು," ಎಂದು ಹೆಂಡತಿಗೆ ಹೇಳಿದ್ದರು. ಗ್ರಂಥಾಲಯ ತೆರೆಯುವುದು ನಾಳೆ. ಚುನಾವಣೆ ಮುಂದಿನ ತಿಂಗಳು. ಸೆನೆಟರರ ತಮ್ಮನ ಮಗ ರಾಸ್ಕೊ ಅದರಲ್ಲಿ ಹುರಿಯಾಳು.

"ನೀವು ಇದನ್ನ ಕೊನೇಲಿ ನೋಡಿದ್ದು ಯಾವಾಗ, ತಾಯಿ?" ಎಂದರು ಶೆರಿಫ್.

"ದಿನಾ ಡ್ರಾಯರ್ ತೆಗೆದು ಇಣುಕ್ತೀನಿ. ಅರಗಿನ ಮೇಲೆ ಅವರ ಹೆಬ್ಬೆಟ್ಟಿನ ಗುರುತಿದೆ, ನೋಡಿ. ಅದನ್ನ ನೋಡಿ ಮುಚ್ತೀನಿ."

"ಕಟ್ಟನ್ನ ಕೈಗೆ ತಗೊಂಡಿಲ್ವಾ?"

"ಮನಸ್ಸು ಬರ್ಲಿಲ್ಲ. ಕಣ್ಣೂ ಮಂಜು. ಕೆಳಗಿರೋ ಬಿಳಿ ಬಟ್ಟೇನೇ ಕಾಗದ ಅಂತ ಕಂಡಿದ್ರೂ ಕಂಡಿರ್ಬೋದು. ನಾಳೆಗೆ ಬೇಕಲ್ಲ ಅಂತ ಈವತ್ತು ಕೈ ಹಾಕ್ದೆ — ಬರೀ ರಿಬ್ಬನ್ ಬಂತು."

"ಬೀಗ?"

"ಈ ಊರಲ್ಲಿ ಬೀಗ ಯಾರ ಮನೇಲಿದೆ?"

"ಈ ಕೋಣೆಗೆ ಯಾರ್ಯಾರು ಬರ್ತಾರೆ?"

"ರಾಸ್ಕೊ ಭಾನುವಾರ ಊಟಕ್ಕೆ ಬರ್ತಾನೆ. ಮಂಗಳವಾರ ನಮ್ಮ ಹೆಂಗಸರು ಕೌದಿ ಹೊಲಿಯೋಕೆ ಸೇರ್ತಾರೆ. ಆಮೇಲೆ ಪತ್ರಿಕೆಯ ಗೇಜ್ — ಅವನನ್ನ ಬಾಗಿಲಿಂದ ಅಟ್ಟಿದ್ರೆ ಕಿಟಕಿಗೆ ಬರ್ತಾನೆ."

"ನಿನ್ನೆ ಸಂಜೆ ಬಾಗಿಲಿಂದಲೇ ಬಂದಿದ್ದೆ, ಅಮ್ಮಾವ್ರೆ!" ಎಂದ ಟ್ರೂಮನ್ ಗೇಜ್. ಅವನು ಅದಾಗಲೇ ಮೂಲೆಯ ಕುರ್ಚಿಯಲ್ಲಿ ಕುಳಿತು ಏನೋ ಗೀಚಿಕೊಳ್ಳುತ್ತಿದ್ದ. "ನಾಳೆ ಸಮಾರಂಭದ ಮಾತಿಗೆ ಅಂತ ಊಟಕ್ಕೆ ಕರೆದಿದ್ರಿ. ನಾನು, ರಾಸ್ಕೊ, ಪ್ರೆಂಟಿಸ್ ಮುದುಕ್ರು. ಊಟದ ಮಧ್ಯೆ ಎದ್ದು ಹೋಗಿದ್ದು ನಾನಲ್ಲ."

"ಯಾರು?"

"ಪ್ರೆಂಟಿಸ್!" ರಾಸ್ಕೊ ಮೇಜು ಗುದ್ದಿದ. "ಗಾಳಿ ಬೇಕು ಅಂತ ಎದ್ದು ಹೋದ. ಬಂದಾಗ ಮುಖ ಕೆಂಪಾಗಿತ್ತು. ರೈಲಿನವರ ಹತ್ರ ಲಂಚ ತಿಂದಿದ್ದು ಆ ಕಾಗದದಲ್ಲಿ ಇರುತ್ತೆ, ನೋಡ್ತಿರಿ! ನಾಳೆ ಅದನ್ನ ಓದಿದ್ರೆ ಅವರ ಪಕ್ಷ ಮುಳುಗಿದ ಹಾಗೇ."

"ನೀನು ಓದಿದ್ಯಾ?"

"ಮುದ್ರೆ ಹಾಕಿದ ಕಾಗದ ನಾನು ಹೇಗೆ ಓದ್ಲಿ?"

"ಮತ್ತೆ ಲಂಚದ ವಿಷಯ ಹೇಗೆ ಗೊತ್ತು?"

"ಇನ್ನೇನಿರುತ್ತೆ, ಶೆರಿಫ್? ಪ್ರೇಮಪತ್ರ ಇರುತ್ತಾ?"

ಗೇಜ್ ಕಿಸಕ್ಕನೆ ನಕ್ಕ. ಶೆರಿಫ್ ನಗಲಿಲ್ಲ. ರಿಬ್ಬನ್ನನ್ನು ಎತ್ತಿ, ಬೆಳಕಿಗೆ ಹಿಡಿದು, ಜೇಬಿಗಿಳಿಸಿದರು.

"ಸಂಜೆಯೊಳಗೆ ಅವನನ್ನ ಹಿಡೀದೆ ಇದ್ರೆ," ಎಂದ ರಾಸ್ಕೊ, "ನಾಳೆ ಮೆರವಣಿಗೇಲಿ ವಾದ್ಯದವರ ಎದುರಿಗೇ ನಾನು ಜನಕ್ಕೆ ಹೇಳ್ತೀನಿ. ಜನ ಅವನ ಮನೆ ಕಿಟಕಿಗಳನ್ನ ಉಳಿಸ್ತಾರೋ ಇಲ್ವೋ, ಅದು ನನ್ನ ಜವಾಬ್ದಾರಿ ಅಲ್ಲ."

ಇದು ಬರೀ ಬೆದರಿಕೆಯಲ್ಲ. ಚುನಾವಣೆಯ ತಿಂಗಳಲ್ಲಿ ನಮ್ಮೂರಿನವರು ಕಿಟಕಿಗಿಂತ ದೊಡ್ಡದನ್ನೂ ಒಡೆದಿದ್ದಾರೆ. ಪ್ರೆಂಟಿಸರಿಗೆ ಎಪ್ಪತ್ತು ದಾಟಿತ್ತು.

ನಾವು ಹೋದಾಗ ಅವರು ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು.

"ಏನಯ್ಯ ಬರ್ಡ್‌ಸಲ್, ಕೈಕೋಳ ತಂದಿದೀಯಾ? ಇಲ್ಲ ಬರಿಗೈಲಿ ಬಂದ್ಯಾ?"

"ಸುದ್ದಿ ಬಂತಾ ಆಗ್ಲೇ?"

"ರಾಸ್ಕೊ ಗಂಟಲಿಗೆ ತಂತಿ ಆಫೀಸು ಬೇಡ. ಕೇಳು, ಅದೇನು ಕೇಳ್ತೀಯೋ."

"ನಿನ್ನೆ ಊಟದ ಮಧ್ಯೆ ಎದ್ದು ಹೋದ್ರಂತೆ?"

"ಹೋದೆ."

"ಎಲ್ಲಿಗೆ?"

"ಅವನ ಓದೋ ಕೋಣೆಗೆ."

"ಏನು ಮಾಡಿದ್ರಿ?"

"ಕೂತೆ."

"ಸುಮ್ನೆ?"

"ಸುಮ್ನೆ. ಅವನ ಕುರ್ಚೀಲಿ. ಯಾಕೆ, ಅದಕ್ಕೂ ಕಾನೂನು ಇದೆಯಾ?"

ಮುದುಕರ ದನಿ ಒಂದು ಕ್ಷಣ ತಡವರಿಸಿತು. ಶೆರಿಫ್ ಅದನ್ನು ಕೇಳಿಸಿಕೊಳ್ಳದವರಂತೆ ತೋಟದ ಕಡೆ ನೋಡಿದರು.

"ಕಾಗದದಲ್ಲಿ ಏನಿದೆ?"

"ನಾನು ಬರೆದಿದ್ದು ಅವನಿಗೆ. ಅವನು ಸತ್ತ ಅಂದ ಮಾತ್ರಕ್ಕೆ ಅದು ನಿನಗೆ ಬರೆದ ಹಾಗೆ ಆಗಲ್ಲ."

"ಅವು ಸಿಗದೆ ಇದ್ರೆ ನಿಮಗೇ ಅನುಕೂಲ."

"ಅನುಕೂಲವೇ. ಆದ್ರೂ ನಾನು ಮುಟ್ಟಿಲ್ಲ. ನಂಬಿದ್ರೆ ನಂಬು, ಬಿಟ್ರೆ ಬಿಡು."

ಅಷ್ಟರಲ್ಲಿ ಅವರ ಹೆಂಡತಿ ಹೆಪ್ಸಿಬಾ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಸೇಬಿನ ಕಡುಬು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಹೆಪ್ಸಿಬಾ ಅಜ್ಜಿಯ ಕಡುಬು ಜಿಲ್ಲೆಗೇ ಹೆಸರುವಾಸಿ. ಚರ್ಚಿನ ಸಹಭೋಜನದಲ್ಲಿ ಅದನ್ನು ಕಚ್ಚಿ ನಮ್ಮ ಕಮ್ಮಾರ ಒಂದು ಹಲ್ಲು ಕಳೆದುಕೊಂಡಿದ್ದ.

"ತಗೋಪ್ಪಾ, ಬಿಸಿಯಾಗಿದೆ," ಎಂದರು ಅಜ್ಜಿ.

ಸರ್ಕಾರಿ ಕೆಲಸ, ಧೈರ್ಯ ಮಾಡಿ ಕಚ್ಚಿದೆ. ಬಾಯಲ್ಲಿ ಇಟ್ಟದ್ದೇ ತಡ, ಕರಗಿತು! ಇನ್ನೊಂದು ತೆಗೆದುಕೊಂಡೆ. ನಾಚಿಕೆ ಬಿಟ್ಟು ಮತ್ತೂ ಒಂದು.

"ಏನಜ್ಜಿ, ಇಷ್ಟು ಮೆತ್ತಗೆ!"

ಅಜ್ಜಿಯ ಕೆನ್ನೆ ಕೆಂಪಾಯಿತು. "ಹಿಟ್ಟು ಜಾಸ್ತಿ ನಾದ್ಲಿಲ್ಲ. ಬೆಣ್ಣೆ ಸ್ವಲ್ಪ ಧಾರಾಳವಾಗಿ ಹಾಕ್ದೆ. ಅಷ್ಟೇ." ತಟ್ಟೆ ಇಟ್ಟು ಸರಸರ ಒಳಗೆ ಹೋದರು.

ಶೆರಿಫ್ ಕೈಯಲ್ಲಿದ್ದ ಕಡುಬನ್ನೇ ನೋಡುತ್ತ ಕುಳಿತಿದ್ದರು. "ಇದು ಯಾವಾಗಿಂದ?" ಎಂದು ಪಿಸುಗುಟ್ಟಿದರು.

ಪ್ರೆಂಟಿಸರೂ ಪಿಸುಗುಟ್ಟಿದರು. "ಈ ಬೇಸಿಗೆಯಿಂದ. ಥೇಟ್ ನಮ್ಮಮ್ಮನ ಕೈಯಡುಗೆ. ದೇವರು ಯಾವಾಗ ಕಣ್ಣು ಬಿಟ್ನೋ ಗೊತ್ತಿಲ್ಲ ಕಣಯ್ಯ."

"ನೀವೇನಾದ್ರೂ ಹೇಳಿದ್ರಾ?"

"ನಾನಾ? ನಲವತ್ತು ವರ್ಷ ಸಂಸಾರ ಮಾಡಿದೀನಿ. ಊಟದ ವಿಷಯ ತುಟಿ ಪಿಟಕ್ ಅಂದಿಲ್ಲ!"

ಶೆರಿಫ್ ಎದ್ದರು. "ಮಧ್ಯಾಹ್ನ ಲವಿನಿಯಮ್ಮನ ಮನೆಗೆ ಬನ್ನಿ. ಅಜ್ಜೀನೂ ಕರ್ಕೊಂಡು ಬನ್ನಿ."

ದಾರಿಯಲ್ಲಿ ನಾನು ಕೇಳಿದೆ. "ಸಾಹೇಬ್ರೆ, ಮುದುಕ್ರನ್ನ ಹಿಡಿಯಲ್ವಾ?"

"ನೀನು ಮೂರು ಕಡುಬು ತಿಂದೆ. ರುಚಿ ನೋಡ್ದೆ, ಯೋಚನೆ ಮಾಡ್ಲಿಲ್ಲ," ಎಂದರು ಶೆರಿಫ್.

ಮಧ್ಯಾಹ್ನ ಆ ಕೋಣೆಯಲ್ಲಿ ಎಲ್ಲರೂ ಸೇರಿದರು. ಹೊರಗೆ ವಾದ್ಯದವರು ನಾಳೆಯ ಮೆರವಣಿಗೆಗೆ ಅಭ್ಯಾಸ ಮಾಡುತ್ತಿದ್ದರು. ರಾಸ್ಕೊ ನಿಂತೇ ಇದ್ದ. ಶೆರಿಫ್ ಜೇಬಿನಿಂದ ರಿಬ್ಬನ್ ತೆಗೆದು ಮೇಜಿನ ಮೇಲಿಟ್ಟರು.

"ರಾಸ್ಕೊ, ನೀನು ಕಳ್ಳ ಅಂದ್ಕೋ."

"ಏನಂದ್ರಿ?"

"ಅಂದ್ಕೋ ಮಾರಾಯ. ನಿನ್ನೆ ಸಂಜೆ, ಪಕ್ಕದ ಕೋಣೇಲಿ ಜನ ಊಟಕ್ಕೆ ಕೂತಿದಾರೆ. ನಿನಗೆ ಈ ಕಟ್ಟು ಬೇಕು. ಏನು ಮಾಡ್ತೀಯಾ?"

"ಎತ್ತಿ ಕೋಟಿನೊಳಗೆ ತುರುಕಿ ಹೋಗ್ತೀನಿ."

"ರಿಬ್ಬನ್?"

"ಅದೂ ಜೊತೆಗೇ ಹೋಗುತ್ತೆ."

"ಹಾಗಾದ್ರೆ ಇಲ್ಲಿ ಯಾಕೆ ಉಳೀತು? ಅದೂ ಗಂಟು ಬಿಚ್ಚದೆ, ಮುದ್ರೆ ಒಡೀದೆ?"

ಗೇಜ್ ಗೀಚುವುದನ್ನು ನಿಲ್ಲಿಸಿದ.

"ಯಾಕಂದ್ರೆ ಈ ಕಟ್ಟನ್ನ ಯಾರೂ ಒಟ್ಟಿಗೆ ಕದ್ದಿಲ್ಲ," ಎಂದರು ಶೆರಿಫ್. "ಒಂದೊಂದೇ ಕಾಗದ. ಮೂಲೆ ಹಿಡಿದು, ಮೆಲ್ಲಗೆ ಬಗ್ಗಿಸಿ, ಎಳೆದದ್ದು. ಇವತ್ತೊಂದು, ಇನ್ನೊಂದಿನ ಒಂದು. ಕಟ್ಟು ಸಡಿಲ ಆಗ್ತಾ ಬಂತು. ಮುದ್ರೆ ಮಾತ್ರ ಮೇಲೆ ಹಾಗೇ ಇತ್ತು, ಅಮ್ಮಾವ್ರು ನೋಡಿ ಸಮಾಧಾನ ಮಾಡ್ಕೋತಿದ್ರು. ನಿನ್ನೆಯ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪ್ರೆಂಟಿಸ್ ಈ ಮನೆ ಮೆಟ್ಟಿಲು ಹತ್ತಿದ್ದೇ ನಿನ್ನೆ. ಅವರಲ್ಲ."

"ಹಾಗಾದ್ರೆ ಗೇಜ್!" ಎಂದ ರಾಸ್ಕೊ.

"ಗೇಜ್ ಕೈಗೆ ಒಂದು ಕಾಗದ ಸಿಕ್ಕಿದ್ರೂ ಮಾರನೇ ದಿನ ಮುಖಪುಟದಲ್ಲಿ ಇರ್ತಿತ್ತು."

"ಅದು ನಿಜ," ಎಂದು ಗೇಜ್ ದುಃಖದಿಂದ ಒಪ್ಪಿಕೊಂಡ.

"ನೀನು ಓದಿದ್ರೆ ಲಂಚ ಲಂಚ ಅಂತ ಕುಣೀತಿರ್ಲಿಲ್ಲ, ರಾಸ್ಕೊ. ಎಲ್ಲರೂ ರಾಜಕೀಯದ ವಾಸನೆ ಹಿಡಿದು ಓಡ್ತಿದ್ದೀವಿ. ನಾನೂ ಓಡ್ತಿದ್ದೆ — ಒಂದು ಕಡುಬು ಕಚ್ಚೋ ತನಕ."

ಹೆಪ್ಸಿಬಾ ಅಜ್ಜಿ ಮಡಿಲಲ್ಲಿದ್ದ ಹೊಲಿಗೆಯ ಚೀಲವನ್ನು ಬಿಗಿಯಾಗಿ ಹಿಡಿದರು.

"ನಲವತ್ತು ವರ್ಷದ ಕೈ ಒಂದು ಬೇಸಿಗೇಲಿ ಬದಲಾಗುತ್ತಾ? ಬೆಣ್ಣೆ ಧಾರಾಳವಾಗಿರ್ಲಿ, ನಾದೋದು ಕಮ್ಮಿ ಇರ್ಲಿ, ಅಮ್ಮ ಮಾಡ್ತಿದ್ದ ಹಾಗೆ ಇರ್ಲಿ ಅಂತ ಯಾರೋ ಹೇಳಿರ್ಬೇಕು. ಊರಲ್ಲಿ ಆ ಧೈರ್ಯ ಯಾರಿಗೂ ಇಲ್ಲ. ಗಂಡ ಮನೇಲಿ ಬಾಯಿ ಬಿಟ್ಟಿಲ್ಲ. ಆದ್ರೆ ಪ್ರೆಂಟಿಸ್‌ರೆ, ನಿಜ ಹೇಳಿ. ಆಬಡಾಯನಿಗೆ ಬರೆದಿದ್ರಾ?"

ಪ್ರೆಂಟಿಸರ ಮುಖ ಬಿಳಿಚಿತು. ಎಷ್ಟೋ ಚುನಾವಣೆ ಸೋತಾಗಲೂ ನಾನು ಆ ಮುಖವನ್ನು ಹಾಗೆ ಕಂಡಿರಲಿಲ್ಲ.

"ಹೆಪ್ಸಿ..." ಎಂದರು.

"ಹೂಂ ರೀ, ನಾನೇ," ಎಂದರು ಅಜ್ಜಿ. ಚೀಲ ತೆರೆದರು. ಕೌದಿಯ ಬಣ್ಣದ ತುಂಡುಗಳ ಕೆಳಗಿಂದ ಕಾಗದಗಳು ಬಂದವು. ಒಂದಾದ ಮೇಲೊಂದು, ಒಂದೂ ಹರಿಯದೆ, ಒಂದೂ ಕೊಳೆಯಾಗದೆ. "ಲವಿನಿಯ, ಕ್ಷಮಿಸೇ. ಕೌದಿ ಹೊಲಿಯೋಕೆ ಬಂದಾಗ ದಾರ ಹುಡುಕೋಕೆ ಡ್ರಾಯರ್ ಎಳೆದೆ. ಇವರ ಅಕ್ಷರ ಕಾಣ್ತು. ಒಂದನ್ನ ಎಳ್ಕೊಂಡೆ. ನೋಡಿದ್ರೆ ನನ್ನ ಕಡುಬಿನ ಸುದ್ದಿ! ನಮ್ಮತ್ತೆ ಹಾಗೆ ಬೆಣ್ಣೆ ಹಾಕಲ್ವಂತೆ, ನಾದಿ ನಾದಿ ಕಲ್ಲು ಮಾಡ್ತೀನಂತೆ. ಅದನ್ನ ಫಿರಂಗಿಗೆ ತುಂಬಿದ್ರೆ ಯುದ್ಧ ಬೇಗ ಮುಗೀತಿತ್ತಂತೆ."

ಗೇಜ್ ಕೆಮ್ಮಿದ. ಪ್ರೆಂಟಿಸರು ನೆಲ ನೋಡಿದರು.

"ಮೈ ಉರೀತು. ಇನ್ನೇನೇನು ಬರೆದಿದಾರೋ ನೋಡೇಬಿಡೋಣ ಅಂತ ಮುಂದಿನ ಮಂಗಳವಾರ ಇನ್ನೊಂದು ಎಳೆದೆ." ಅಜ್ಜಿಯ ದನಿ ಇಳಿಯಿತು. "ಅದರಲ್ಲಿ ನಂಗೆ ಜ್ವರ ಬಂದ ವರ್ಷದ್ದಿತ್ತು. ರಾತ್ರಿಯೆಲ್ಲ ನನ್ನ ಮಂಚದ ಕಾಲು ಹಿಡ್ಕೊಂಡು ಕೂತಿದ್ರಂತೆ. ನಾನು ಹೋದ್ರೆ ತಾನೂ ಉಳಿಯಲ್ಲ ಅಂತ ಬರೆದಿದ್ರು. ನನಗೆ ಎಚ್ಚರ ಆದಾಗ ಇವರು ಕೇಳಿದ್ದು ಒಂದೇ ಮಾತು — ಗಂಜಿ ಬೇಕಾ ಅಂತ! ನಲವತ್ತು ವರ್ಷದಲ್ಲಿ ನನ್ನ ಹತ್ರ ಆಡದ ಮಾತೆಲ್ಲ ಆ ಥಾರ್ನ್‌ಬರಿಗೆ ಹೇಳಿದಾರೆ. ಬಿಡೋಕೆ ಆಗ್ಲಿಲ್ಲ, ಶೆರಿಫ್. ವಾಪಸ್ ಇಡೋಣ ಅಂದ್ರೆ ಮುದ್ರೆ ಇರೋ ಕಟ್ಟಿಗೆ ಮತ್ತೆ ತುರುಕೋದು ಹೇಗೆ?"

ಹೊರಗೆ ಕಹಳೆಯವನೊಬ್ಬ ಅಪಸ್ವರ ಊದಿದ.

ಲವಿನಿಯಮ್ಮ ಎದ್ದುಬಂದು ಗೆಳತಿಯ ಪಕ್ಕದಲ್ಲಿ ಕುಳಿತರು. "ಪೆದ್ದಿ," ಎಂದರು. "ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?"

"ಹಾಗಾದ್ರೆ ಲಂಚ?" ಎಂದ ರಾಸ್ಕೊ, ಸಣ್ಣ ದನಿಯಲ್ಲಿ.

ಶೆರಿಫ್ ಪ್ರೆಂಟಿಸರ ಒಪ್ಪಿಗೆ ಕೇಳಿ ಮೇಲಿನ ಕಾಗದ ಬಿಡಿಸಿ ಓದಿದರು: "ಪ್ರಿಯ ಆಬಡಾಯ, ನಾಳೆಯ ಸಭೆಯಲ್ಲಿ ನನ್ನನ್ನು ಕುಂಬಳಕಾಯಿ ತಲೆಯವನೆಂದೇ ಕರೆ, ಜನಕ್ಕೆ ಅದು ಹಿಡಿಸಿದೆ. ನದಿಯ ಸೇತುವೆಯನ್ನು ನಾನು ಜೋರಾಗಿ ವಿರೋಧಿಸುತ್ತೇನೆ. ಆಗ ನಿನ್ನ ಪಕ್ಷದವರು ಹಟಕ್ಕೆ ಬಿದ್ದು ಒಪ್ಪುತ್ತಾರೆ. ಸೇತುವೆಯಂತೂ ಆಗಲೇಬೇಕು."

ರಾಸ್ಕೊ ಕುಳಿತುಬಿಟ್ಟ. ಅವನ ಚುನಾವಣೆಯ ಅರ್ಧ ಭಾಷಣ, ಪ್ರೆಂಟಿಸರನ್ನು ಎದುರಿಸಿ ದೊಡ್ಡಪ್ಪ ಕಟ್ಟಿಸಿದ ಆ ಸೇತುವೆಯ ಮೇಲೇ ಇತ್ತು.

ಮರುದಿನ ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಓದಿದವರು ಪ್ರೆಂಟಿಸರೇ. ಜನ ಮೊದಲು ಬೆರಗಾದರು, ಆಮೇಲೆ ನಕ್ಕರು, ಕೊನೆಗೆ ಎರಡೂ ಪಕ್ಷದವರು ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕುಳಿತು ಕಣ್ಣೊರೆಸಿಕೊಂಡರು. ರಾಸ್ಕೊ ಬುದ್ಧಿವಂತ, ತಾನೇ ಮೊದಲು ಎದ್ದು ಮುದುಕರ ಕೈ ಕುಲುಕಿದ. ಚುನಾವಣೆಯಲ್ಲಿ ಸೋತ, ಆದರೆ ಮರ್ಯಾದೆಯಿಂದ ಸೋತ. ಕಳವಿನ ಮೊಕದ್ದಮೆ ಯಾರೂ ಹೂಡಲಿಲ್ಲ. ಮನೆಯ ಮಾತಿರುವ ಕಾಗದಗಳನ್ನು ಲವಿನಿಯಮ್ಮ ಹೆಪ್ಸಿಬಾ ಅಜ್ಜಿಗೇ ಕೊಟ್ಟರು.

ಚಳಿಗಾಲ ಹಿಡಿದ ಮೇಲೆ ಒಂದು ದಿನ ಶೆರಿಫರ ಟಪಾಲು ತರಲು ಅಂಚೆ ಕಚೇರಿಗೆ ಹೋಗಿದ್ದೆ. ಹೆಪ್ಸಿಬಾ ಅಜ್ಜಿ ಒಲೆಯ ಪಕ್ಕ ನಿಂತು ಕಾಗದ ಓದುತ್ತಿದ್ದರು. ಅಂಚೆಯವನು ನನ್ನತ್ತ ಬಾಗಿ, "ಪ್ರತಿ ವಾರ ಬರುತ್ತೆ," ಎಂದ ಮೆಲ್ಲಗೆ. "ಪ್ರೆಂಟಿಸ್ ಮನೆಯಿಂದ ಪ್ರೆಂಟಿಸ್ ಮನೆಗೇ. ಅಂಚೆಚೀಟಿ ಹಚ್ಚಿ, ವಿಳಾಸ ಬರೆದು."

ನನಗೆ ತಡೆಯಲಾಗಲಿಲ್ಲ. "ಏನಜ್ಜಿ, ಮನೇಲೇ ಕೈಗೆ ಕೊಡಬಾರ್ದಾ ಅವರು?"

ಅಜ್ಜಿ ಕಾಗದವನ್ನು ಮಡಿಚಿ ಎದೆಯೊಳಗಿಟ್ಟುಕೊಂಡರು.

"ಕೈಗೆ ಕೊಟ್ರೆ ನಾನು ಓದೋವಾಗ ಎದುರಿಗೇ ಕೂತಿರ್ಬೇಕಲ್ಲಪ್ಪ," ಎಂದರು. "ಪಾಪ, ನಾಚ್ಕೋತಾರೆ."