ಕೊಳಗದಲ್ಲಿ ಬಿದ್ದ ಚೀಟಿ

"ಕೈ ತೆಗೀರಿ! ಅದನ್ನ ಮುಟ್ಬೇಡಿ!"

ಹಿತ್ತಾಳೆಯ ಕೊಳಗದೊಳಗೆ ಮುಂಗೈವರೆಗೆ ಇಳಿದಿದ್ದ ದಿವ್ಯಶ್ರೀಯ ಕೈ ಅಲ್ಲೇ ನಿಂತುಬಿಟ್ಟಿತು.

ಗೋದಾಮಿನ ಬಾಗಿಲಲ್ಲಿ ಒಬ್ಬ ನಿಂತಿದ್ದ. ಕಂಕುಳಲ್ಲಿ ಸುತ್ತಿದ ಚಾಪೆ, ಏದುಸಿರು, ಹಣೆಯ ಮೇಲೆ ಬೆವರು. ಅವನೇ! ಪಿಯು ಕಾಲೇಜಿನ ತರ್ಕಶಾಸ್ತ್ರದ ಮೇಷ್ಟ್ರು, ಕೀರ್ತಿಕುಮಾರ್.

"ಯಾಕೆ ಮುಟ್ಬಾರ್ದು?" ಅವಳು ಕೈ ತೆಗೆಯಲಿಲ್ಲ.

"ಅದ್ರಲ್ಲಿರೋ ಚೀಟಿ ನಿಮ್ದಲ್ಲ."

"ನಿಮ್ದೂ ಅಲ್ವಲ್ಲ!"

ಅವನು ಹತ್ತಿರ ಬಂದು ಕೊಳಗವನ್ನು ಮೆಲ್ಲನೆ ತನ್ನ ಕಡೆ ಎಳೆದುಕೊಂಡ. ಎಳೆಯುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ದಿವ್ಯಶ್ರೀ ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆ ತೆಗೆದುಕೊಂಡಳು.

'ಇಷ್ಟು ಗಾಬರಿ ಯಾಕೆ ಇವನಿಗೆ? ಏನನ್ನೋ ಮುಚ್ಚಿಡ್ತಿದಾನೆ... ಖಂಡಿತ!'

ನೋಡಿ, ಕಳ್ಳತನ ಮಾಡುವಾಗ ಸಿಕ್ಕಿಬಿದ್ದದ್ದು ಅವಳು. ಆದರೂ ಸಂಶಯ ಬಂದದ್ದು ಅವನ ಮೇಲೆ. ನಮ್ಮ ದಿವ್ಯಶ್ರೀ ಹಾಗೆಯೇ.

ಮೊದಲು ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗ ನೋಡಲು ಚೆಂದ, ಮಾತು ಇನ್ನೂ ಚೆಂದ. ನಿಶ್ಚಿತಾರ್ಥವಾಗಿ, ಲಗ್ನಪತ್ರಿಕೆ ಅಚ್ಚಾದ ಮೇಲೆ ಗೊತ್ತಾಯಿತು, ಅವನಿಗೆ ಆಗಲೇ ಒಂದು ಮದುವೆಯಾಗಿದೆ ಎಂದು. ಅವಳು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ನಂಬುವುದನ್ನು ಮಾತ್ರ ಬಿಟ್ಟುಬಿಟ್ಟಳು. ಹಾಲಿನವನು ಇವತ್ತು ಹಾಲು ಗಟ್ಟಿ ಎಂದರೂ "ಯಾಕೆ?" ಎನ್ನುವಳು.

ಶನಿವಾರಸಂತೆಯ ಅಂಚೆ ಕಚೇರಿಯಲ್ಲಿ ಅವಳದು ಕೌಂಟರ್ ಕೆಲಸ. ಫಾರಂ ಮೇಲಿನ ಒಂದು ಸಾಲು ನೋಡಿದರೆ ಸಾಕು, ಇದು ಇಂಥವರ ಅಕ್ಷರ ಎಂದು ಹೇಳುತ್ತಿದ್ದಳು. ಊರಿಗೆಲ್ಲ ಈ ಸಂಗತಿ ಗೊತ್ತಿತ್ತು.

ಈಗ ಅವಳ ಕಣ್ಣು ಬಿದ್ದಿದ್ದು ಮೇಷ್ಟ್ರ ಶನಿವಾರದ ಕೂಟದ ಮೇಲೆ.

ಸಂತೆ ಮುಗಿದ ಮೇಲೆ, ಸಂಜೆ ನಾಲ್ಕಕ್ಕೆ, ಮೆಣಸಿನ ವ್ಯಾಪಾರಿ ಗುರುವಪ್ಪನವರ ಖಾಲಿ ಗೋದಾಮಿನಲ್ಲಿ ಜನ ಸೇರುತ್ತಿದ್ದರು. ಮನಸ್ಸಿನಲ್ಲಿ ಕೊರೆಯುವ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕದೆ, ಬೆಳಗ್ಗೆಯೇ ಕೊಳಗಕ್ಕೆ ಹಾಕಿ ಹೋಗಬೇಕು. ಸಂಜೆ ಮೇಷ್ಟ್ರು ಒಂದು ಚೀಟಿ ಎತ್ತಿ ಓದುತ್ತಾರೆ. ಅದರ ಮೇಲೆ ಎಲ್ಲರೂ ಮಾತಾಡುತ್ತಾರೆ. ಕೊನೆಗೆ ವಾರಪೂರ್ತಿ ಮಾಡಿ ನೋಡಲು ಒಂದು ಅಭ್ಯಾಸ.

ದಿವ್ಯಶ್ರೀಯ ತಾಯಿ ಸರ್ವಮಂಗಳ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಗಂಡ ಜಯಪ್ಪ ತೀರಿಕೊಂಡ ಮೇಲೆ ಮನೆಯ ಹೊಸಿಲು ದಾಟದಿದ್ದ ಹೆಂಗಸು, ಈಗ ಶನಿವಾರ ಬಂತೆಂದರೆ ಮೂರು ಗಂಟೆಗೇ ಸೀರೆ ಬದಲಾಯಿಸುತ್ತಿದ್ದರು!

"ಅಲ್ಲೇನ್ ಕೊಡ್ತಾರೆ ನಿಂಗೆ?" ಎಂದು ಮಗಳು ಕೇಳಿದರೆ, "ಏನೂ ಕೊಡಲ್ಲ ಕಣೇ. ಬರೀ ಕೇಳ್ತಾರೆ," ಎನ್ನುತ್ತಿದ್ದರು.

'ಏನೂ ಕೊಡದವನು ಏನನ್ನೋ ತಗೊಳ್ತಿರಬೇಕು.' ದಿವ್ಯಶ್ರೀಯ ಲೆಕ್ಕಾಚಾರ ಇಷ್ಟೇ. ತಮ್ಮ ಮನೆಗೆ ಇನ್ನೊಂದು ಮೋಸವಾಗಲು ಅವಳು ಬಿಡುವುದಿಲ್ಲ. ಹಾಗಾಗಿಯೇ ಆ ದಿನ ಮೊದಲೇ ಬಂದು ಕೊಳಗಕ್ಕೆ ಕೈ ಹಾಕಿದ್ದು.

"ಈಗ ನಾನು ಹದಿನೈದು ನಿಮಿಷ ಬಾಗಿಲು ಹಾಕ್ಕೋಬೇಕು," ಎಂದ ಕೀರ್ತಿಕುಮಾರ್. "ನೀವು ಹೊರಗೆ ಕೂತಿರಿ ಮೇಡಂ. ಶುರುವಾದಾಗ ಬನ್ನಿ."

"ಹದಿನೈದು ನಿಮಿಷ ಒಳಗೆ ಏನ್ ಮಾಡ್ತೀರಿ?"

"ತಯಾರಿ."

ಬಾಗಿಲು ಮುಚ್ಚಿತು. ಅವಳ ಸಂಶಯದ ಬಾಗಿಲು ದೊಡ್ಡದಾಗಿ ತೆರೆದುಕೊಂಡಿತು.

ಅಂದಿನಿಂದ ಅವಳೂ ಪ್ರತಿ ಶನಿವಾರ ಬರತೊಡಗಿದಳು. ಕಾವಲಿಗೆ! ಬಾಗಿಲ ಪಕ್ಕದ ಗೋಣಿಚೀಲದ ಮೇಲೆ ಕೈಕಟ್ಟಿ ಕುಳಿತು, ಅವನು ಎಲ್ಲಿ ಜಾರುತ್ತಾನೋ ಎಂದು ಕಾಯುತ್ತಿದ್ದಳು.

ಅವನು ಜಾರಲೇ ಇಲ್ಲ. ಪ್ರವಚನವಿಲ್ಲ, ಉಪದೇಶವಿಲ್ಲ. ಒಂದು ವಾರ, ಕೋಪ ಬಂದಾಗ ಮೊದಲು ಕಾರಣ ಬರೆಯಿರಿ, ಆಮೇಲೆ ಬೈಯಿರಿ ಎಂದು ಅಭ್ಯಾಸ ಕೊಟ್ಟ. ಮುಂದಿನ ವಾರ ಗುರುವಪ್ಪ ಎದ್ದು ನಿಂತು, "ಬರೆಯೋಕ್ ಕೂತೆ ಮೇಷ್ಟ್ರೇ, ಕಾರಣವೇ ಸಿಗ್ಲಿಲ್ಲ! ಬೈಯೋಕೆ ಹೋಗಿ ಹೆಂಡ್ತಿ ಮುಂದೆ ಪೆನ್ನು ಹಿಡ್ಕೊಂಡು ನಿಂತಿದ್ದೆ," ಎಂದಾಗ ಗೋದಾಮೆಲ್ಲ ನಕ್ಕಿತು.

ದಿವ್ಯಶ್ರೀಗೂ ನಗು ಬಂತು. ತಲೆ ತಗ್ಗಿಸಿಕೊಂಡಳು. ತಲೆ ಎತ್ತಿದಾಗ ಅವನು ಅವಳನ್ನೇ ನೋಡುತ್ತಿದ್ದ.

ಕೂಟ ಮುಗಿದ ಮೇಲೆ ಪಕ್ಕದ ಬೊಳ್ಳಮ್ಮನ ಕಾಫಿ ಅಂಗಡಿಯಲ್ಲಿ ಎದುರಾದ.

"ನೀವು ನನ್ನನ್ನ ನಂಬಲ್ಲ, ಅಲ್ವಾ?"

"ನಂಬಲ್ಲ."

"ಒಳ್ಳೇದಾಯ್ತು. ಉಳಿದೋರೆಲ್ಲ ನಾನು ಏನ್ ಹೇಳಿದ್ರೂ ತಲೆ ಆಡಿಸ್ತಾರೆ. ಒಬ್ಬರಾದ್ರೂ ನಂಬದೋರು ಇರಬೇಕು."

ಮನಸ್ಸಿಗೆ ಹಿತವಾಯಿತು. ಮರುಕ್ಷಣವೇ... 'ಇದೂ ಒಂದು ನಾಟಕ ಇರಬಹುದಲ್ಲ! ಆ ಮೋಸಗಾರನೂ ಹೀಗೇ ಹಿತವಾಗಿ ಮಾತಾಡ್ತಿದ್ದ.' ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಆದರೂ ಮನೆ ತಲುಪುವವರೆಗೆ ಅವನ ಮಾತೇ ಕಿವಿಯಲ್ಲಿತ್ತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಏಳನೆಯ ಶನಿವಾರ ಬಂತು. ಕೀರ್ತಿಕುಮಾರ್ ಎಂದಿನಂತೆ ಕೊಳಗದಿಂದ ಒಂದು ಚೀಟಿ ಎತ್ತಿ ಓದಿದ.

"ಮಗಳಿಗೆ ನಾನೇ ನೋಡಿದ ಸಂಬಂಧ. ಸರಿಯಾಗಿ ವಿಚಾರಿಸದೆ ಒಪ್ಪಿಕೊಂಡೆ. ಮೋಸವಾಯಿತು. ಅವಳು ನನ್ನನ್ನು ಒಂದು ಮಾತೂ ಬೈದಿಲ್ಲ. ಆದರೆ ಈಗ ಯಾರನ್ನೂ ನಂಬುವುದಿಲ್ಲ, ನನ್ನನ್ನೂ. ಅವಳ ಹತ್ತಿರ ಕ್ಷಮೆ ಕೇಳುವುದು ಹೇಗೆ?"

ದಿವ್ಯಶ್ರೀ ಕಟ್ಟಿದ ಕೈ ಬಿಚ್ಚಿದಳು. ಇದು ತನ್ನ ಕಥೆ! ಇಷ್ಟು ಜನರ ಮುಂದೆ... ಅಮ್ಮ ಬರೆದರಾ? ಅಮ್ಮ ಹೀಗೆ ಮಾಡುತ್ತಾರಾ?

ಎದ್ದು ಹೋಗಿ ಅವನ ಕೈಯಿಂದ ಚೀಟಿ ಕಿತ್ತುಕೊಂಡಳು. ಅಮ್ಮನ ಅಕ್ಷರವಲ್ಲ. ಕಾಲೇಜಿನ ಸ್ಪೀಡ್ ಪೋಸ್ಟ್ ಫಾರಂಗಳಲ್ಲಿ ಎಷ್ಟೋ ಸಲ ನೋಡಿದ್ದ, ಎಡಕ್ಕೆ ವಾಲಿದ ಅಕ್ಷರ. ಕೊಳಗವನ್ನೇ ಬೋರಲು ಹಾಕಿದಳು. ಒಂದು, ಎರಡು, ಹತ್ತು... ಎಲ್ಲವೂ ಅದೇ ಅಕ್ಷರ!

"ನೋಡಿ ಎಲ್ರೂ! ಇವೆಲ್ಲ ಇವರದೇ ಅಕ್ಷರ! ಪ್ರಶ್ನೆಯೂ ಇವರೇ, ಉತ್ತರವೂ ಇವರೇ. ಹೆಂಗಸರನ್ನ ಮಾತಾಡಿಸಿ ಮನೆ ಗುಟ್ಟು ತಿಳ್ಕೊಂಡು, ಇಲ್ಲಿ ಚೀಟಿ ಮಾಡಿ ಓದ್ತಿದಾರೆ!"

ಮುಂದಿನ ಸಾಲಿನವರು ಚೆಲ್ಲಿದ ಚೀಟಿಗಳತ್ತ ಬಗ್ಗಿದರು.

"ನಕಲು ಮಾಡಿದ್ದು ನಿಜ," ಎಂದ ಕೀರ್ತಿಕುಮಾರ್. ಧ್ವನಿ ಮೆತ್ತಗಿತ್ತು. "ಪ್ರಶ್ನೆ ನನ್ನವಲ್ಲ."

"ಹಾಗಾದ್ರೆ ಅವರು ಬರೆದ ಚೀಟಿ ತೋರ್ಸಿ. ಎಲ್ಲಿದೆ?"

ಅವನ ಕೈ ಅಂಗಿಯ ಜೇಬಿನವರೆಗೆ ಹೋಯಿತು. ಅಲ್ಲಿ ಕಾಗದದ ಉಬ್ಬು ಕಾಣುತ್ತಿತ್ತು. ಅವಳನ್ನು ನೋಡಿದ. ಕೈ ಕೆಳಗಿಳಿಯಿತು.

"ತೋರ್ಸಲ್ಲ."

"ಇದ್ರೆ ತಾನೆ ತೋರ್ಸೋಕೆ!"

ಜನ ಗುಸುಗುಸು ಎಂದರು. ಗುರುವಪ್ಪ ಮುಖ ಗಂಟಿಕ್ಕಿಕೊಂಡು ಗೋದಾಮಿನ ಬೀಗ ಹುಡುಕತೊಡಗಿದರು. ಕೀರ್ತಿಕುಮಾರ್ ಚೆಲ್ಲಿದ ಚೀಟಿಗಳನ್ನು ಒಂದೊಂದಾಗಿ ಆಯ್ದುಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದ.

ತಾನು ಗೆದ್ದೆ ಎಂದುಕೊಂಡಳು ದಿವ್ಯಶ್ರೀ.

ಮನೆಗೆ ಬಂದ ಮೇಲೆ ಸರ್ವಮಂಗಳ ದೇವರ ಮುಂದೆ ದೀಪವನ್ನೂ ಹಚ್ಚಲಿಲ್ಲ. ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಏನೋ ಬರೆದರು. ತಂದು ಮಗಳ ಕೈಯಲ್ಲಿಟ್ಟರು.

"ತಗೋ. ನೀನು ಹುಡುಕ್ತಿದ್ದ ಅಕ್ಷರ ಇದೇ ತಾನೆ?"

'ಮಗಳಿಗೆ ನಾನೇ ನೋಡಿದ ಸಂಬಂಧ...' ಗೋದಾಮಿನಲ್ಲಿ ಕೇಳಿದ ಮಾತುಗಳೇ. ಒಂದಕ್ಷರ ಹೆಚ್ಚುಕಡಿಮೆ ಇಲ್ಲ.

"ಅಮ್ಮಾ... ನೀನಾ?"

"ಮೂರು ವಾರ ಬರ್ದು ಬರ್ದು ಹರಿದಾಕಿದ್ದೆ ಕಣೇ. ನಾಕನೇ ವಾರ ಧೈರ್ಯ ಮಾಡಿ ಹಾಕ್ದೆ." ಸರ್ವಮಂಗಳ ಸೆರಗಿನಿಂದ ಕಣ್ಣೊರೆಸಿಕೊಂಡರು. "ಶುರುವಲ್ಲಿ ಒಂದ್ಸಲ ಗುರುವಪ್ಪನೋರು ತಮ್ಮ ಹೆಂಡ್ತಿ ಅಕ್ಷರ ಗುರುತು ಹಿಡಿದು ಮನೇಲಿ ರಂಪ ಆಗಿತ್ತು. ಇನ್ಮೇಲೆ ಹಂಗಾಗಕ್ಕೆ ಬಿಡಲ್ಲ ಅಂದಿದ್ರು ಮೇಷ್ಟ್ರು. ಅದಕ್ಕೇ ನಕಲು ಮಾಡಿದಾರೆ. ಇವತ್ತು ಜೇಬಲ್ಲಿದ್ದದ್ದು ತೋರ್ಸಿದ್ರೆ ನೀನು ಅಲ್ಲೇ ನನ್ನ ಗುರುತು ಹಿಡೀತಿದ್ದೆ. ಎಲ್ಲರ ಮುಂದೆ."

ಮುಚ್ಚಿದ ಬಾಗಿಲು. ಹದಿನೈದು ನಿಮಿಷ. ಜೇಬಿನವರೆಗೆ ಹೋಗಿ ಕೆಳಗಿಳಿದ ಕೈ. ದಿವ್ಯಶ್ರೀ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು.

"ನನಗೆ ಯಾಕಮ್ಮ ನೇರವಾಗಿ ಹೇಳ್ಲಿಲ್ಲ?"

"ನಿನ್ನ ಕಂಡ್ರೆ ಹೆದರಿಕೆ ಆಗಿತ್ತು ಮಗಾ. 'ಯಾಕೆ ಹಿಂಗ್ ಮಾಡ್ದೆ' ಅಂತ ನೀನು ಒಂದ್ಸಲ ಕೂಗಾಡಿದ್ರೆ ಸಾಕಿತ್ತು. ನೀನು ಸುಮ್ನಿದ್ದೆ..."

ಎರಡು ವರ್ಷದಿಂದ ಬಾರದ ಅಳು ಆ ದಿನ ಬಂತು. ತಾಯಿಯ ಮಡಿಲಲ್ಲಿ ಮುಖವಿಟ್ಟು, "ಯಾಕೆ ಹಿಂಗ್ ಮಾಡ್ದೆ ಅಮ್ಮಾ," ಎಂದು ಕೂಗಿಯೇ ಅತ್ತಳು. ಸರ್ವಮಂಗಳ ಅವಳ ತಲೆ ಸವರುತ್ತ, "ತಪ್ಪಾಯ್ತು ಕಣೇ, ತಪ್ಪಾಯ್ತು," ಎನ್ನುತ್ತಲೇ ಇದ್ದರು.

ಮುಂದಿನ ಶನಿವಾರ ಗೋದಾಮಿಗೆ ಬೀಗ ಬಿದ್ದಿತ್ತು. ಆದರೆ ಅಭ್ಯಾಸಬಲ, ನಾಲ್ಕು ಗಂಟೆಗೆ ಜನ ಬೊಳ್ಳಮ್ಮನ ಅಂಗಡಿಯ ಮುಂದೆ ಸೇರಿದ್ದರು. ಒಂದು ಮೂಲೆಯ ಬೆಂಚಿನಲ್ಲಿ ಕೀರ್ತಿಕುಮಾರ್ ಒಬ್ಬನೇ ಕುಳಿತಿದ್ದ. ಅವನ ಪಕ್ಕ ಯಾರೂ ಕುಳಿತಿರಲಿಲ್ಲ.

ದಿವ್ಯಶ್ರೀ ತಾಯಿಯ ಜೊತೆ ಬಂದಳು.

"ಎಲ್ರೂ ಒಂದ್ನಿಮಿಷ ಕೇಳಿ. ಹೋದ ವಾರ ನಾನು ಮೇಷ್ಟ್ರ ಮೇಲೆ ಹೇಳಿದ್ದು ಸುಳ್ಳು. ಆ ಪ್ರಶ್ನೆಗಳೆಲ್ಲ ನಿಜವಾಗ್ಲೂ ನೀವೇ ಬರೆದಿದ್ದು, ಮೇಷ್ಟ್ರು ನಕಲು ಮಾಡಿದ್ದಷ್ಟೇ. ತಪ್ಪು ನಂದು."

"ಹಂಗಂತ ನಿಮಗೆ ಹೆಂಗ್ ಗೊತ್ತಾಯ್ತು?" ಗುರುವಪ್ಪ ಕೇಳಿದರು. "ಆ ಮಗಳ ಚೀಟಿ ಬರೆದೋರು ಯಾರು ಹಾಗಾದ್ರೆ?"

ಪಕ್ಕದಲ್ಲಿ ಸರ್ವಮಂಗಳ ಬಾಯಿ ತೆರೆದರು. ದಿವ್ಯಶ್ರೀ ಅವರ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೇಡ.

"ಹೇಳಲ್ಲ," ಎಂದಳು.

"ಓಹೋ! ಹೋದ ವಾರ ಕಳ್ಳ, ಈ ವಾರ ಒಳ್ಳೆಯವ. ಕಾರಣ ಮಾತ್ರ ಹೇಳಲ್ಲ." ಗುರುವಪ್ಪ ಮೀಸೆಯಡಿಯಲ್ಲಿ ನಕ್ಕರು. "ನಡುವೆ ಏನೋ ನಡೆದಿದೆ ಬಿಡಿ, ಇವರಿಬ್ಬರಿಗೂ!"

ಜನ ಕಿಸಕ್ಕೆಂದರು. ಅವಳ ಮುಖ ಕೆಂಪೇರಿತು. ಒಂದು ಮಾತು ಸಾಕಿತ್ತು ಅವರ ಬಾಯಿ ಮುಚ್ಚಿಸಲು. ಆಡಲಿಲ್ಲ. ಹೋದ ವಾರ ಅವನು ನಿಂತಿದ್ದ ಹಾಗೆಯೇ ಇಂದು ಅವಳು ನಿಂತಿದ್ದಳು. ನಿಂತಾಗಲೇ ಗೊತ್ತಾಯಿತು, ಅದು ಎಷ್ಟು ಕಷ್ಟವೆಂದು.

"ಎಂತ ನಗು ನಿಮ್ಮದು?" ಬೊಳ್ಳಮ್ಮ ಒಲೆಯ ಹಿಂದಿನಿಂದ ಗದರಿದರು. "ಕೂಟ ಮುಗಿದ ಮೇಲೆ ನಿಮ್ಮ ಚೀಟಿಯನ್ನೆಲ್ಲ ಮೇಷ್ಟ್ರು ಇದೇ ಒಲೆಗೆ ಹಾಕುವುದು. ನಾನು ಮೂರು ತಿಂಗಳಿಂದ ನೋಡ್ತಾ ಇದ್ದೇನೆ. ತರತರದ ಅಕ್ಷರ! ಬೀಗ ತೆಗೀರಿ ಗುರುವಪ್ಪ, ಸುಮ್ಮನೆ."

ಬೊಳ್ಳಮ್ಮನ ಮಾತಿಗೆ ಎದುರಾಡಿದವರಿಗೆ ಆ ಬೀದಿಯಲ್ಲಿ ಕಾಫಿ ಸಿಗುತ್ತಿರಲಿಲ್ಲ. ಗುರುವಪ್ಪ ಗೊಣಗುತ್ತಲೇ ಬೀಗದ ಕೈ ತೆಗೆದರು. ಜನ ಒಬ್ಬೊಬ್ಬರಾಗಿ ಒಳಗೆ ಹೋದರು.

ಬೆಂಚಿನ ಹತ್ತಿರ ಇಬ್ಬರೇ ಉಳಿದರು.

"ಆ ಚೀಟಿ ನಿಮ್ಮಮ್ಮಂದು ಅಂತ ನಂಗೆ ಗೊತ್ತಿರ್ಲಿಲ್ಲ," ಎಂದ ಅವನು. "ನೀವು ಎದ್ದು ಬಂದಾಗ ತಿಳೀತು. ಅಷ್ಟರಲ್ಲಿ ಓದಿಯಾಗಿತ್ತು. ಕ್ಷಮಿಸಿ."

"ಕ್ಷಮೆ ಕೇಳ್ಬೇಕಾದೋಳು ನಾನು!"

"ಈಗ ನಿಮ್ಮ ಹೆಸರೂ ಕೆಡ್ತು. ಗುರುವಪ್ಪನವರು ಊರೆಲ್ಲ ಹೇಳ್ತಾರೆ, ನಡುವೆ ಏನೋ ಇದೆ ಅಂತ."

"ಹೇಳ್ಲಿ ಬಿಡಿ."

ಅವನು ಬೆಂಚಿನಿಂದ ಎದ್ದು ನಿಂತ. "ನನ್ನ ಕಡೆಯಿಂದ ಅದು ಸುಳ್ಳಲ್ಲ, ದಿವ್ಯಾ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳಿಗೆ ಖುಷಿಯಾಯಿತು. ಬೆನ್ನಿಗೇ ಹಳೆಯ ಭಯವೂ ತಲೆ ಎತ್ತಿತು. ಅದನ್ನು ಈ ಸಲ ಅವಳು ನುಂಗಿಕೊಳ್ಳಲಿಲ್ಲ.

"ನಿಮಗೆ ಮದುವೆ ಆಗಿದ್ಯಾ?"

"ಇಲ್ಲ."

"ನಿಶ್ಚಯ? ಮಾತುಕತೆ?"

"ಯಾವ್ದೂ ಇಲ್ಲ."

"ನಾನು ಹೇಗೆ ನಂಬ್ಲಿ?" ಕೇಳುವಾಗ ಧ್ವನಿ ಒಡೆಯಿತು. "ನಂಬಬೇಕು ಅಂತ ಆಸೆ ಇದೆ... ಆಗ್ತಿಲ್ಲ ಕೀರ್ತಿ. ನಾನು ಹೀಗೇ ಕೇಳ್ತಾನೇ ಇರ್ತೀನಿ."

ಅವನು ಬೇಸರ ಮಾಡಿಕೊಳ್ಳಲಿಲ್ಲ. ಮೊಬೈಲ್ ತೆಗೆದು ಒಂದು ನಂಬರ್ ಒತ್ತಿ, ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟ. "ಅಮ್ಮಾ, ಒಬ್ಬರು ನಿನ್ನತ್ರ ಏನೋ ಕೇಳ್ಬೇಕಂತೆ. ಇದ್ದದ್ದು ಇದ್ದ ಹಾಗೆ ಹೇಳು."

"ಯಾರಪ್ಪಾ ಅದು?"

ದಿವ್ಯಶ್ರೀ ಬೆವೆತುಹೋದಳು. "ನಾನು... ದಿವ್ಯಶ್ರೀ ಅಂತ. ಶನಿವಾರಸಂತೆಯಿಂದ..."

"ಅಯ್ಯೋ, ಪೋಸ್ಟಾಫೀಸಿನೋರಾ! ಬಾಗ್ಲತ್ರ ಕೈಕಟ್ಕೊಂಡು ಕೂರ್ತಾರಲ್ಲ, ಅವ್ರೇನಾ? ಎರಡು ತಿಂಗಳಿಂದ ಫೋನ್ ಮಾಡಿದ್ರೆ ಬರೀ ನಿಮ್ದೇ ಸುದ್ದಿ ಕಣವ್ವಾ! ಅವತ್ತು ಒಂದ್ಸಲ ನಕ್ರಂತೆ, ಅದನ್ನೇ ನಾಕ್ ದಿನ ಹೇಳ್ದ!"

ದಿವ್ಯಶ್ರೀ ಅವನ ಕಡೆ ನೋಡಿದಳು. ಮೇಷ್ಟ್ರು ಕಿವಿಯವರೆಗೂ ಕೆಂಪಾಗಿ, ಬೊಳ್ಳಮ್ಮನ ಒಲೆಯನ್ನೇ ಪರೀಕ್ಷೆ ಮಾಡುವವರಂತೆ ದಿಟ್ಟಿಸುತ್ತಿದ್ದರು.

"ಅದೇನೋ ಕೇಳ್ಬೇಕಿತ್ತಂತಲ್ಲವ್ವಾ?"

"ಏನಿಲ್ಲಮ್ಮ..." ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಊಟ ಆಯ್ತಾ ಅಂತ ಕೇಳೋಣ ಅಂತ."

ಫೋನ್ ವಾಪಸ್ ಕೊಡುವಾಗ ಅವನ ಕೈ ಹಿಡಿದಳು. ಬಿಡಲಿಲ್ಲ.

"ಕೇಳ್ಲೇ ಇಲ್ವಲ್ಲ ನೀವು?" ಎಂದ ಅವನು ಮೆಲ್ಲನೆ.

"ನಾಳೆ ಕೇಳ್ತೀನಿ."

"ನಾಳೆ?"

"ನಾಳೆ, ನಾಡಿದ್ದು... ಸಂಶಯ ಬಂದಾಗೆಲ್ಲ. ಬೇಜಾರಾಗಲ್ವಾ?"

"ಕೇಳೋಕೆ ನನ್ನತ್ರಾನೇ ಬರ್ತೀಯಲ್ಲ," ಎಂದ ಕೀರ್ತಿ. "ನಂಗೆ ಅಷ್ಟು ಸಾಕು."