ಅಂಚೆಯಲ್ಲಿ ಬಂದ ಪೇಪರ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮನೆಮನೆಗೆ ಪೇಪರ್ ಹಾಕುವುದನ್ನು ನಿಲ್ಲಿಸಿ ಅಂಚೆಯಲ್ಲಿ ಕಳಿಸತೊಡಗಿದ ಮೇಲೆ ನಮಗದು ಸಿಗುವುದು ಮಧ್ಯಾಹ್ನಕ್ಕೆ. ಕಣ್ಣು ಕಾಣದ ನನ್ನ ಅತ್ತೆಗೋ, ಬೆಳಿಗ್ಗೆ ನಿಧನ ವಾರ್ತೆ ಓದಿ ಹೇಳದಿದ್ದರೆ ಕಾಫಿ ಗಂಟಲಲ್ಲಿ ಇಳಿಯದು. ಹಾಗಾಗಿ ಒಂದು ದಿನ ರದ್ದಿಯಿಂದ ಹಳೇ ಪೇಪರೊಂದನ್ನು ಎಳೆದು, ಬಾಯಿಗೆ ಬಂದದ್ದನ್ನು ಓದಿದೆ: "ಗಡಿಯಾರ ರಿಪೇರಿಯವರು, ಎಪ್ಪತ್ತೊಂದು ವರ್ಷ, ಇಬ್ಬರು ಹೆಣ್ಣುಮಕ್ಕಳು."

ಮಧ್ಯಾಹ್ನ ಬಂದ ಪೇಪರಿನಲ್ಲಿ ಆ ಗಡಿಯಾರ ರಿಪೇರಿಯವರಿದ್ದರು. ಎಪ್ಪತ್ತೊಂದು ವರ್ಷ. ಇಬ್ಬರು ಹೆಣ್ಣುಮಕ್ಕಳು.

ಮರುದಿನ ಅದೇ ಹಳೇ ಪೇಪರ್ ಹಿಡಿದು ಕೂತರೂ ಇನ್ನೊಂದು ಸಾವು ಕಟ್ಟಿ ಹೇಳಲು ಮನಸ್ಸಾಗಲಿಲ್ಲ. "ಇವತ್ತು ಯಾರೂ ಇಲ್ಲ, ಅತ್ತೆ," ಎಂದೆ.

"ಸುಳ್ಳು ಹೇಳ್ಬೇಡ ಕಣೇ. ಕೊಡು ಇಲ್ಲಿ." ಹಾಳೆಯ ಮೇಲೆ ಕೈಯಾಡಿಸುತ್ತ ಒಂದು ಕಡೆ ಬೆರಳು ನಿಲ್ಲಿಸಿದರು. "ಇಲ್ಲೊಬ್ರು ಇದ್ದಾರಲ್ಲ. ಶಾಯಿ ಇನ್ನೂ ಹಸಿ ಇದೆ."

ಅದು ಮೂರು ವರ್ಷದ ಹಿಂದಿನ ಪೇಪರು. ಆದರೂ ಅವರ ಬೆರಳು ಕಪ್ಪಾಗಿತ್ತು. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅಂದಿನಿಂದ ಅಂಚೆಯ ಪೇಪರಿನಲ್ಲಿ, ದಿನವೂ ಅತ್ತೆ ಬೆರಳು ನಿಲ್ಲಿಸಿದ ಜಾಗದಲ್ಲೇ, ಒಂದು ಕಪ್ಪು ಚೌಕಟ್ಟು ಖಾಲಿ ಇರುತ್ತದೆ. ಅತ್ತೆ ದಿನಾ ಬೆಳಿಗ್ಗೆ ಆ ಹಳೇ ಹಾಳೆ ಮುಟ್ಟಿ, "ಇನ್ನೂ ಒಣಗಿಲ್ಲ," ಎನ್ನುತ್ತಾರೆ.

ಮನೆಯಲ್ಲಿರುವುದು ನಾವಿಬ್ಬರೇ. ಇವತ್ತು ಮುಟ್ಟಿ ನೋಡಿದವರು ನನ್ನ ವಯಸ್ಸು ಕೇಳಿದರು.